ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ದಿನ ಯಾರು ಹೇಳಬೇಕು?

ಬೈಲುಮನೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಹೇಳಿ.

ನಮ್ಮದು ಉಡುಪಿ ಜಿಲ್ಲೆ. ಸಮುದ್ರದಿಂದ ಐದಾರು ಕಿಲೋಮೀಟರ್ ಒಳಗೆ, ಹೊಳೆ ಬದಿಯ ಊರು. ಎರಡು ಎಕರೆ ಬೈಲುಗದ್ದೆ, ಮುಕ್ಕಾಲು ಎಕರೆ ಅಡಿಕೆ, ಮನೆ ಸುತ್ತ ನಲವತ್ತು ತೆಂಗು. ಮನೆಯಿಂದ ಕೆಳಗೆ ಅರ್ಧ ಕಿಲೋಮೀಟರ್ ದೂರದಲ್ಲಿ ಹೊಳೆಗೆ ಕಿಂಡಿ ಅಣೆಕಟ್ಟು ಉಂಟು. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿದರೆ ಮೇಲೆ ಸಿಹಿ ನೀರು ನಿಲ್ಲುತ್ತದೆ, ಕೆಳಗಿನ ಉಪ್ಪು ನೀರು ಅಲ್ಲೇ ತಡೆಯುತ್ತದೆ. ಕೆಲಸ ಇಷ್ಟೇ, ದೊಡ್ಡ ವಿದ್ಯೆ ಏನಿಲ್ಲ.

ಕಳೆದ ವರ್ಷ ಏನಾಯಿತು ಅಂದರೆ, ಹಲಗೆ ಇಳಿಸಿದ್ದು ಮಕರ ಸಂಕ್ರಾಂತಿ ಕಳೆದ ಮೇಲೆ. ಗುತ್ತಿಗೆ ಆಗಿಲ್ಲ, ಬಿಲ್ಲು ಪಾಸಾಗಿಲ್ಲ, ಹಳೆ ಹಲಗೆ ಕೊಳೆತಿದೆ, ಹೊಸತು ಬರಬೇಕು, ಹೀಗೆ ಒಂದೊಂದು ವಾರ ಒಂದೊಂದು ಕಾರಣ. ಅಷ್ಟರಲ್ಲಿ ಹೊಳೆಯ ಹರಿವು ಸಣ್ಣದಾಗಿತ್ತು. ಡಿಸೆಂಬರಿನ ಹುಣ್ಣಿಮೆ ಅಮಾವಾಸ್ಯೆಯ ಉಬ್ಬರ ಎರಡೂ ಅಣೆಕಟ್ಟು ದಾಟಿ ಮೇಲೆ ಬಂದಿತ್ತು. ಆಮೇಲೆ ಹಲಗೆ ಹಾಕಿದರು. ಅಂದರೆ ಉಪ್ಪು ನೀರನ್ನು ನಾವೇ ಒಳಗೆ ಕೂಡಿ ಹಾಕಿದ ಹಾಗಾಯಿತು.

ಫೆಬ್ರವರಿ ಕೊನೆಗೆ ಮೊದಲು ಗೊತ್ತಾಗಿದ್ದು ಅಡುಗೆಮನೆಯಲ್ಲಿ. ಬೇಳೆ ಎಷ್ಟು ಹೊತ್ತಾದರೂ ಬೇಯುತ್ತಿಲ್ಲ ಎಂದು ಹೆಂಡತಿ ಹೇಳಿದಳು. ಎರಡು ದಿನ ಬಿಟ್ಟು ಅಮ್ಮ ಸ್ನಾನ ಮಾಡಿ ಬಂದು ಸೋಪು ನೊರೆ ಬರುವುದಿಲ್ಲ ಎಂದರು. ನಾನು ಬಾವಿಯಿಂದ ನೇರ ಒಂದು ಚೊಂಬು ಎತ್ತಿ ಕುಡಿದು ನೋಡಿದೆ. ಬಾಯಿಗೆ ಹಾಕುವಾಗ ಉಪ್ಪು ಎಂದು ಗೊತ್ತಾಗುವುದಿಲ್ಲ. ನುಂಗಿದ ಮೇಲೆ ನಾಲಗೆಯ ಬುಡದಲ್ಲಿ ಉಳಿಯುತ್ತದೆ. ನನ್ನ ಅಜ್ಜ ತೋಡಿದ ಬಾವಿ ಅದು. ಅಷ್ಟು ವರ್ಷ ಆ ನೀರು ಕುಡಿದು ಬೆಳೆದವರು ನಾವು, ಆ ದಿನ ಊಟವೇ ಸೇರಲಿಲ್ಲ.

ಮಾರ್ಚಿನಲ್ಲಿ ಅಡಿಕೆ ಸೋಗೆಯ ತುದಿ ಸುಟ್ಟ ಹಾಗೆ ಕೆಂಪಾಯಿತು. ನಳ್ಳಿ, ಅಂದರೆ ಎಳೆ ಅಡಿಕೆ, ಉದುರಿತು. ಬೆಳಿಗ್ಗೆ ಗುಡಿಸಿ ರಾಶಿ ಹಾಕಿದರೆ ಸಂಜೆಗೆ ಮತ್ತೆ ಅಷ್ಟೇ.

ಈಗ ಅಕ್ಟೋಬರ್. ಈ ಸಲವೂ ಹಲಗೆ ಯಾವಾಗ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನನ್ನ ಪ್ರಶ್ನೆ ಒಂದೇ. ಹಲಗೆ ಹಾಕುವ ದಿನವನ್ನು ಯಾರು ನಿಶ್ಚಯ ಮಾಡಬೇಕು? ಕಾಗದವಾ, ಹೊಳೆಯಾ? ಬೇರೆ ಊರುಗಳಲ್ಲಿ ಹೇಗೆ ಮಾಡುತ್ತೀರಿ, ದಯವಿಟ್ಟು ಹೇಳಿ.

ಕುದ್ರಿನ ಅಕ್ಕ:
ನಿಮ್ಮ ಬೇಳೆಯ ಮಾತು ಓದಿ ನಮ್ಮ ಮನೆಯದೇ ಕಥೆ ಅನಿಸಿತು. ನಮ್ಮದು ಹೊಳೆ ನಡುವಿನ ಕುದ್ರು. ಸುತ್ತ ನೀರು, ಕುಡಿಯಲು ಇಲ್ಲ. ನಾನು ಮದುವೆಯಾಗಿ ಬಂದಾಗ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಕೊಡ ತುಂಬಿಸಿ ತರುತ್ತಿದ್ದೆವು. ಈಗ ಪೈಪ್ ಬಂದಿದೆ. ಜಲಜೀವನ ಯೋಜನೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಆದರೆ ಏಪ್ರಿಲ್‌ನಲ್ಲಿ ಎರಡು ದಿನಕ್ಕೊಮ್ಮೆ ಬಂದರೆ ಪುಣ್ಯ.

ಗಂಡಸರು ಉಪ್ಪು ನೀರು ಅಂದರೆ ತೋಟದ ಲೆಕ್ಕ ಹೇಳುತ್ತಾರೆ. ಅದು ಇರಲಿ, ನಷ್ಟ ನಷ್ಟವೇ. ಆದರೆ ಮನೆಯಲ್ಲಿ ಮೊದಲು ಗೊತ್ತಾಗುವುದು ನಮಗೆ. ಅನ್ನದ ರುಚಿ, ಬಟ್ಟೆಯ ಬಿಳುಪು, ಮಕ್ಕಳ ತಲೆಕೂದಲು. ಸಭೆ ಮಾಡಿದರೆ ಹೆಂಗಸರನ್ನೂ ಕರೆಯಿರಿ. ನಾವು ದಿನಾ ಬಾವಿ ಹತ್ತಿರ ಇರುವವರು.

ಮೇಲ್ಗದ್ದೆ:
ಅಣ್ಣ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ಇನ್ನೊಂದು ಬದಿಯೂ ಉಂಟು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಊರಲ್ಲೂ ಕಿಂಡಿ ಅಣೆಕಟ್ಟು ಉಂಟು, ನನ್ನ ಗದ್ದೆ ಅದರ ಮೇಲಿನ ಬದಿ, ತಗ್ಗಿನಲ್ಲಿ. ಒಂದು ವರ್ಷ ನವೆಂಬರ್ ಮೊದಲ ವಾರದಲ್ಲೇ ಹಲಗೆ ಇಳಿಸಿದರು. ನನ್ನ ಏಣೆಲು (ಮಳೆಗಾಲದ ಭತ್ತ) ಕೊಯ್ಲು ಆಗಿರಲಿಲ್ಲ. ಹೊಳೆ ನೀರು ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ) ಹಿಂದೆ ಬಂದು ಗದ್ದೆಯಲ್ಲಿ ಮೊಣಕಾಲು ಮಟ್ಟ ನಿಂತಿತು. ಅದರ ಮೇಲೆ ಒಂದು ವಾಯುಭಾರ ಕುಸಿತದ ಮಳೆ. ಕಟಾವಿನ ಯಂತ್ರ ಇಳಿಯಲಿಲ್ಲ. ಕೈಯಲ್ಲಿ ಕೊಯ್ದು ರಸ್ತೆಗೆ ಹೊತ್ತು ತಂದೆವು, ಅರ್ಧ ಭತ್ತ ಮೊಳಕೆ ಬಂದಿತ್ತು.

ಬೇಗ ಹಾಕಿ ಅಂದರೆ ನಾವು ಮುಳುಗುತ್ತೇವೆ. ತಡ ಆದರೆ ನಿಮಗೆ ಉಪ್ಪು. ಒಂದೇ ಊರಿನವರು ಒಬ್ಬರಿಗೊಬ್ಬರು ಮುಖ ತಿರುಗಿಸುವ ಹಾಗೆ ಆಗಬಾರದು.

ಬೈಲುಮನೆ:
ಇದು ನನಗೆ ತಲೆಗೆ ಹೋಗಿರಲಿಲ್ಲ. ನಮ್ಮಲ್ಲೂ ಮೇಲೆ ನಾಲ್ಕು ಮನೆಯವರ ಗದ್ದೆ ತಗ್ಗಿನಲ್ಲಿ ಉಂಟು. ಅವರು ಸುಮ್ನೆ ಇದ್ದದ್ದಕ್ಕೆ ಕಾರಣ ಈಗ ಗೊತ್ತಾಯಿತು. ಹೇಳಿದ್ದಕ್ಕೆ ಉಪಕಾರ ಆಯಿತು.

ಕಟ್ಟದಬದಿ:
ನಮ್ಮದು ಕಾಸರಗೋಡು ಗಡಿ. ಕೇರಳದಲ್ಲಿ ಇದ್ದರೂ ಮನೆ ಮಾತು, ಶಾಲೆ, ಪತ್ರಿಕೆ ಎಲ್ಲ ಕನ್ನಡವೇ. ನಿಮ್ಮ ಪ್ರಶ್ನೆಗೆ ನಮ್ಮ ಹಿರಿಯರ ಬಳಿ ಉತ್ತರ ಇತ್ತು ಮಾರಾಯ್ರೇ. ಅದರ ಹೆಸರು ಕಟ್ಟ.

ನವೆಂಬರ್ ಕೊನೆಗೆ, ಡಿಸೆಂಬರಿಗೆ ತೋಡಿನ ನೀರು ಇಳಿಯುವಾಗ ಊರಿನವರೇ ಸೇರಿ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸೀಳು ಹಾಕಿ ಅಡ್ಡ ಕಟ್ಟುವುದು. ಮಳೆ ಬಂದಾಗ ಅದೇ ಒಡೆದು ಹೋಗುತ್ತದೆ, ಇಲ್ಲ ನಾವೇ ಬಿಡಿಸುತ್ತೇವೆ. ಒಂದು ತೋಡಿಗೆ ಒಂದು ಕಟ್ಟ ಅಲ್ಲ, ಸಾಲು ಕಟ್ಟ. ಕೆಳಗಿನ ಕಟ್ಟದ ನೀರು ಮೇಲಿನ ಕಟ್ಟದ ಬುಡ ಮುಟ್ಟಬೇಕು, ಆಗ ತೋಡು ಪೂರ್ತಿ ನೀರು. ಏತಡ್ಕದ ಸಾಲು ಕಟ್ಟಗಳನ್ನು ನೋಡಿದವರಿಗೆ ಇದು ಗೊತ್ತು. ಖರ್ಚನ್ನು ತೋಟದ ವಿಸ್ತೀರ್ಣ ನೋಡಿ ಹಂಚುತ್ತಾರೆ. ಜಾಸ್ತಿ ತೋಟ ಇದ್ದವರು ಜಾಸ್ತಿ ಕೊಡುತ್ತಾರೆ. ಈಗ ಮಣ್ಣು ಹೊರುವ ಜನ ಕಮ್ಮಿ, ಹಾಗಾಗಿ ಪ್ಲಾಸ್ಟಿಕ್ ಹಾಳೆ, ಮರಳು ಚೀಲ ಬಂದಿದೆ. ಅದೂ ಒಳ್ಳೆಯದೇ.

ದಿನ ಯಾರು ನಿಶ್ಚಯ ಮಾಡುವುದು ಅಂತ ಕೇಳಿದಿರಿ. ನನ್ನ ಅಪ್ಪ ಹೊತ್ತಾರೆ ಎದ್ದು ತೋಡಿಗೆ ಇಳಿದು ನಿಲ್ಲುತ್ತಿದ್ದರು. ಒಂದು ಕಲ್ಲು ಇತ್ತು, ಈಗಲೂ ಉಂಟು. ಆ ಕಲ್ಲಿನ ಹೊಟ್ಟೆ ಕಂಡರೆ ಹತ್ತು ದಿನದಲ್ಲಿ ಕಟ್ಟ ಕಟ್ಟಬೇಕು ಅಂತ ಲೆಕ್ಕ. ಆ ದಿನವೇ ಮನೆ ಮನೆಗೆ ಹೇಳಿ ಕಳಿಸುವುದು. ಬೋರ್‌ವೆಲ್ ಬಂದ ಮೇಲೆ ಹತ್ತಾರು ಕಡೆ ಕಟ್ಟ ನಿಂತಿತು. ತೋಡಿಗೆ ಇಳಿದು ನೋಡುವ ಅಭ್ಯಾಸವೇ ಹೋಯಿತು. ಮನೆಯಲ್ಲಿ ಸ್ವಿಚ್ ಹಾಕಿದರೆ ನೀರು ಬರುವಾಗ ಯಾರು ಇಳಿಯುತ್ತಾರೆ? ಹತ್ತು ಎಚ್‌ಪಿವರೆಗಿನ ಕೃಷಿ ಪಂಪಿಗೆ ನಿಮ್ಮಲ್ಲಿ ಕರೆಂಟೂ ಉಚಿತ.

ಕಲ್ಲು ಹುಡುಕಿ. ನಿಮ್ಮ ಹೊಳೆಯಲ್ಲೂ ಯಾರಿಗಾದರೂ ಗೊತ್ತಿರುವ ಒಂದು ಕಲ್ಲು ಇದ್ದೇ ಇರುತ್ತದೆ.

ಬೋರ್ ಲಾರಿ:
ಇಷ್ಟೆಲ್ಲ ತಲೆಬಿಸಿ ಯಾಕೆ, 300 ಅಡಿ ಬೋರ್ ಹೊಡೆಸಿ. ನಮ್ಮ ನೆರೆಮನೆಯವರಿಗೆ ಒಳ್ಳೆ ನೀರು ಸಿಕ್ಕಿದೆ.

ನಿವೃತ್ತ ಮೇಷ್ಟ್ರು:
ಬೋರ್ ಅಂದವರಿಗೆ ದಯವಿಟ್ಟು ಒಂದು ಮಾತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವ, ಇದನ್ನು ಮಕ್ಕಳಿಗೆ ಗ್ಲಾಸಿನಲ್ಲಿ ತೋರಿಸುತ್ತಿದ್ದೆ. ಸಮುದ್ರದ ಹತ್ತಿರ ನೆಲದ ಅಡಿಯಲ್ಲಿ ಎರಡು ನೀರು ಇರುತ್ತದೆ. ಉಪ್ಪು ನೀರು ಭಾರ, ಅದು ಕೆಳಗೆ. ಮಳೆಯಿಂದ ಇಳಿದ ಸಿಹಿ ನೀರು ಹಗುರ, ಅದು ಮೇಲೆ ತೇಲುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿ ನೀರು ನಿಂತಿದ್ದರೆ, ಅದರ ಭಾರ ಕೆಳಗಿನ ಉಪ್ಪು ನೀರನ್ನು ಸುಮಾರು 40 ಅಡಿ ಒತ್ತಿ ಹಿಡಿಯುತ್ತದೆ. ಈಗ ತಿರುಗಿಸಿ ಯೋಚನೆ ಮಾಡಿ. ಪಂಪ್ ಇಟ್ಟು ನೀವು ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ, ಕೆಳಗಿನ ಉಪ್ಪು ಕಾಲಕ್ರಮದಲ್ಲಿ 40 ಅಡಿ ಮೇಲೆ ಬರಲು ದಾರಿ ಮಾಡಿಕೊಟ್ಟ ಹಾಗೆ. ಒಂದಕ್ಕೆ ನಲವತ್ತು. ಕರಾವಳಿಯ ತಗ್ಗಿನಲ್ಲಿ ಆಳದ ಬೋರ್ ಎಂದರೆ ಉಪ್ಪಿನ ಬಾಗಿಲು ತಟ್ಟಿದಂತೆ. ಮೊದಲ ಎರಡು ವರ್ಷ ಚೆನ್ನಾಗಿಯೇ ಬರುತ್ತದೆ. ಆಮೇಲೆ ನಿಮ್ಮದು ಮಾತ್ರ ಅಲ್ಲ, ಪಕ್ಕದ ಮನೆಯ ಬಾವಿಯೂ ಹೋಗುತ್ತದೆ.

ಇದೇ ಕಾರಣಕ್ಕೆ ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ಅಷ್ಟು ಬೆಲೆ. ಅದು ಬರೀ ಹೊಳೆಯಲ್ಲಿ ನಿಂತಿಲ್ಲ. ಎರಡೂ ದಡದ ಬಾವಿಗಳ ಮಟ್ಟವನ್ನು ಎತ್ತಿ ಹಿಡಿದಿದೆ.

ಇನ್ನೊಂದು ಲೆಕ್ಕ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅಂದರೆ ಒಂದು ಎಕರೆ ಮೇಲೆ ಬೀಳುವುದು ಸುಮಾರು 1.6 ಕೋಟಿ ಲೀಟರ್. ಒಂದು ಎಕರೆ ಅಡಿಕೆ ತೋಟದಲ್ಲಿ ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಸುಮಾರು 550 ಮರ. ಹನಿ ನೀರಾವರಿಯಲ್ಲಿ ಒಂದು ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ದಿನಕ್ಕೆ 11,000 ಲೀಟರ್ ಆಯಿತು. ಬೇಸಗೆಯ 150 ದಿನಕ್ಕೆ ಹದಿನಾರೂವರೆ ಲಕ್ಷ ಲೀಟರ್. ಅಂದರೆ ಅದೇ ಎಕರೆ ಮೇಲೆ ಬಿದ್ದ ಮಳೆಯ ಹತ್ತನೇ ಒಂದು ಪಾಲು. ಉಳಿದ ಒಂಬತ್ತು ಪಾಲು ಹೋದರೂ ಹೋಗಲಿ, ಈ ಒಂದು ಪಾಲನ್ನು ಮೇ ತಿಂಗಳವರೆಗೆ ಹಿಡಿದಿಡಲು ನಮಗೆ ಆಗುತ್ತಿಲ್ಲ ಎಂಬುದೇ ನನಗೆ ನಿದ್ದೆ ಕೆಡಿಸುವ ವಿಷಯ.

ಕಾಲುವೆ ಕಾದವ:
ಮೇಷ್ಟ್ರೇ, ಲೆಕ್ಕ ಸರಿ. ಆದರೆ ಸಣ್ಣ ಕಟ್ಟದಿಂದ ಎಲ್ಲ ಆಗುವುದಿಲ್ಲ, ದೊಡ್ಡ ಯೋಜನೆಯೂ ಬೇಕು. ನಮ್ಮದು ಕುಂದಾಪುರ ಬದಿ, ವಾರಾಹಿ ನೀರಾವರಿಯ ಪ್ರದೇಶ. 1979ರಲ್ಲಿ ಶುರುವಾದ ಯೋಜನೆ, 15,702 ಹೆಕ್ಟೇರಿಗೆ ನೀರು ಕೊಡುವ ಗುರಿ. ಮೇಲೆ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ಕರೆಂಟು ಮಾಡಿ ಬಿಟ್ಟ ನೀರೇ ಕೆಳಗೆ ಬರುವುದು, ಹಾಗಾಗಿ ಬೇಸಗೆಯಲ್ಲೂ ಹೊಳೆಯಲ್ಲಿ ಹರಿವು ಇರುತ್ತದೆ. ಎಡದಂಡೆ ಕಾಲುವೆಯಲ್ಲಿ ನೀರು ಕಂಡದ್ದು ಮೂರೂವರೆ ದಶಕ ಕಳೆದ ಮೇಲೆ. ನನ್ನ ಅಪ್ಪ ಕಾಲುವೆಗೆ ಜಾಗ ಬಿಟ್ಟುಕೊಟ್ಟವರು, ನೀರು ನೋಡಲು ಅವರಿರಲಿಲ್ಲ.

ಆದರೂ ಹೇಳುತ್ತೇನೆ, ನೀರು ಬಂದ ಕಡೆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಕಾಲುವೆಯಿಂದ ಸ್ವಲ್ಪ ದೂರದವರೆಗೂ ಬಾವಿ ನೀರು ಮೇಲೆ ಬಂದಿದೆ. ಎರಡನೇ ಬೆಳೆ ಬಿಟ್ಟವರು ಮತ್ತೆ ನೆಲಗಡಲೆ, ಉದ್ದು ಹಾಕುತ್ತಿದ್ದಾರೆ. ನಮ್ಮಲ್ಲಿ ಈಗ ತಾಪತ್ರಯ ಇರುವುದು ಕೊನೆಯ ಹಂತದಲ್ಲಿ. ದೊಡ್ಡ ಕಾಲುವೆ ಬಂತು, ಅದರಿಂದ ಗದ್ದೆಗೆ ಹೋಗುವ ಹೊಲಗಾಲುವೆ ಇಲ್ಲ. ನೀರು ಕಣ್ಣೆದುರು ಹೋಗುತ್ತದೆ, ಗದ್ದೆಗೆ ಬರುವುದಿಲ್ಲ. ನಾವು ಹನ್ನೊಂದು ಮನೆಯವರು ಸೇರಿ ಹಳೆ ತೋಡನ್ನು ಬಿಡಿಸಿ ಅದಕ್ಕೆ ಜೋಡಿಸಿಕೊಂಡೆವು. ಯಾರನ್ನೂ ಕಾಯಲಿಲ್ಲ.

ಮುಂಬೈ ಗದ್ದೆ:
ಇದನ್ನು ಓದಿ ಮನಸ್ಸಿಗೆ ಚುಚ್ಚಿತು. ನನ್ನದು ಮುಂಬೈಯಲ್ಲಿ ಹೋಟೆಲು, ಊರಲ್ಲಿ ಎರಡೂವರೆ ಎಕರೆ ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿದ್ದಿದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ಆದಾಗ ಒಂದು ವರ್ಷ ಯಾರೋ ಮಾಡಿದರು, ಆಮೇಲೆ ಮತ್ತೆ ಹಾಗೇ. ನನ್ನ ಗದ್ದೆಯಿಂದ ಬೇರೆಯವರಿಗೆ ತೊಂದರೆ ಅಂತ ನಾನು ಅಂದುಕೊಂಡಿರಲಿಲ್ಲ. ಹೋದ ವರ್ಷ ಊರಿಗೆ ಬಂದಾಗ ಕೆಳಗಿನ ಮನೆಯ ಚಿಕ್ಕಮ್ಮ ಕರೆದು ತೋರಿಸಿದರು. ನನ್ನ ಗದ್ದೆಯ ಹುಣಿ (ಬದು) ಒಡೆದು ಹೋಗಿದೆ, ತೋಡಿನಲ್ಲಿ ಮುಂಡುಗದ ಪೊದೆ ಬೆಳೆದಿದೆ. ಮಳೆಗಾಲದ ನೀರು ಗದ್ದೆಯಲ್ಲಿ ನಿಲ್ಲದೆ ನೇರ ಹೊಳೆಗೆ ಹೋಗುತ್ತದೆ. ಚಿಕ್ಕಮ್ಮನ ಬಾವಿ ಮೊದಲು ಏಪ್ರಿಲ್ ಕೊನೆವರೆಗೆ ಇರುತ್ತಿತ್ತಂತೆ, ಈಗ ಮಾರ್ಚ್‌ಗೆ ತಳ ಕಾಣುತ್ತದೆ.

ಅವರು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರ ಆಗುತ್ತಿತ್ತು.

ನಿವೃತ್ತ ಮೇಷ್ಟ್ರು:
ಮುಂಬೈಯವರೇ, ನಿಮ್ಮ ಚಿಕ್ಕಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ಉತ್ತು ಕೆಸರು ಮಾಡಿದ ಗದ್ದೆ ನಾಲ್ಕು ತಿಂಗಳು ನೀರು ಹಿಡಿದು ನಿಧಾನಕ್ಕೆ ನೆಲಕ್ಕೆ ಬಿಡುತ್ತದೆ. ಬೈಲು, ಮಜಲು, ಬೆಟ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಹಿರಿಯರು ಗದ್ದೆ ಮಾಡಿದ್ದು ಭತ್ತಕ್ಕೆ ಮಾತ್ರ ಅಲ್ಲ. ಮೇಲಿನ ಗದ್ದೆ ಕುಡಿದದ್ದು ಕೆಳಗಿನ ಬಾವಿಯಲ್ಲಿ ಸಿಗುತ್ತಿತ್ತು. ಬೇಸಾಯ ಮಾಡಲು ಆಗದಿದ್ದರೂ ಪರವಾಗಿಲ್ಲ, ಮಳೆಗಾಲಕ್ಕೆ ಮೊದಲು ಹುಣಿ ಕಟ್ಟಿಸಿ. ಅಷ್ಟು ಮಾಡಿ ಸಾಕು.

ಮುಂಬೈ ಗದ್ದೆ:
ಮಾಡಿಸುತ್ತೇನೆ. ಮತ್ತೆ ಯಾರಾದರೂ ಬೇಸಾಯ ಮಾಡುವವರಿದ್ದರೆ ಗೇಣಿ ಬೇಡ, ಗದ್ದೆ ಕೊಡುತ್ತೇನೆ. ಹುಣಿ ಮತ್ತು ತೋಡು ನೋಡಿಕೊಂಡರೆ ಸಾಕು.

ಗಜನಿ:
ಕುಮಟಾದಿಂದ ಬರೆಯುತ್ತಿದ್ದೇನೆ. ಉಪ್ಪು ನೀರು ಎಂದರೆ ಶತ್ರು ಎಂಬ ಹಾಗೆ ಎಲ್ಲರೂ ಮಾತಾಡುತ್ತಿದ್ದೀರಿ, ಅದಕ್ಕೆ ನಾಲ್ಕು ಮಾತು. ನಮ್ಮ ಅಘನಾಶಿನಿ ಅಳಿವೆಯಲ್ಲಿ ಗಜನಿ ಗದ್ದೆಗಳು, ಅಂದರೆ ಉಪ್ಪು ನೀರು ಬರುವ ತಗ್ಗು ಗದ್ದೆಗಳು ಉಂಟು. ಮಾಣಿಕಟ್ಟದ ಹತ್ತಿರ ಬನ್ನಿ, ನೋಡಬಹುದು. ಅಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ಉಪ್ಪು ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ಮತ್ತೆ ಏಳುತ್ತದೆ, ಗೊಬ್ಬರ ಔಷಧಿ ಏನೂ ಬೇಡ. ಮಳೆಗಾಲದಲ್ಲಿ ಸಿಹಿ ನೀರು ಉಪ್ಪನ್ನು ತೊಳೆಯುತ್ತದೆ, ಆಗ ಭತ್ತ. ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಪ್ಪು ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಅಳಿವೆಯನ್ನು 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಿದ್ದಾರೆ.

ಆದರೆ ನನ್ನ ಮಾತು ಬೇರೆ ಉಂಟು. ಗಜನಿಯಲ್ಲೂ ಎಲ್ಲ ನಿಂತಿರುವುದು ಒಂದು ಬಾಗಿಲಿನ ಮೇಲೆ. ಮರದ ಬಾಗಿಲು, ಉಬ್ಬರಕ್ಕೆ ಮುಚ್ಚಬೇಕು, ಇಳಿತಕ್ಕೆ ತೆರೆಯಬೇಕು. ಅದನ್ನು ನೋಡುವ ಒಬ್ಬ ಮನುಷ್ಯ ಬೇಕು. ರಾತ್ರಿ ಎರಡು ಗಂಟೆಗೆ ಉಬ್ಬರ ಬಂದರೆ ಎರಡು ಗಂಟೆಗೆ ಎದ್ದು ಹೋಗುವವನು. ಕಟ್ಟೆ ಎಷ್ಟು ಗಟ್ಟಿ ಇದ್ದರೂ ಆ ಮನುಷ್ಯ ಇಲ್ಲದ ಕಡೆ ಗದ್ದೆ ಹೋಗಿದೆ. ಹತ್ತಿರ ಇರುವವನ ಕೈಯಲ್ಲಿ ಬಾಗಿಲು ಇರಬೇಕು, ಅದೇ ನನ್ನ ಅಭಿಪ್ರಾಯ.

ಬಲೆಗಾರ:
ನಾನು ಹೊಳೆ ಮೀನು ಹಿಡಿಯುವವ. ಅಪ್ಪನ ಕಾಲದಿಂದ ಬಲೆ, ಮರುವಾಯಿ (ಚಿಪ್ಪು) ಹೆಕ್ಕುವುದು ಇದೇ ಕೆಲಸ. ಅಣೆಕಟ್ಟು ವಿಷಯ ಬಂದರೆ ನಮ್ಮನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ.

ಉಪ್ಪು ನೀರು ಹೊಳೆಯಲ್ಲಿ ಮೇಲೆ ಬರುವಾಗ ಅಡಿಯಲ್ಲಿ ಬರುತ್ತದೆ. ಮೇಲೆ ಕೈ ಅದ್ದಿ ಬಾಯಿಗೆ ಹಾಕಿದರೆ ಸಿಹಿ, ಕೋಲಿಗೆ ಬಾಟಲಿ ಕಟ್ಟಿ ಅಡಿಯಿಂದ ತೆಗೆದರೆ ಉಪ್ಪು. ನಮಗೆ ಬಲೆಯಲ್ಲಿ ಬೀಳುವ ಮೀನು ನೋಡಿದರೇ ಗೊತ್ತಾಗುತ್ತದೆ ಉಪ್ಪು ಎಲ್ಲಿವರೆಗೆ ಬಂತು ಅಂತ. ಹಾಗಾಗಿ ಮೇಲಿನ ಗದ್ದೆಯವರಿಗೆ ಮುಳುಗುವ ಹೆದರಿಕೆ ಇದ್ದರೆ ಪೂರ್ತಿ ಹಲಗೆ ಹಾಕಬೇಡಿ. ಮೊದಲು ಅಡಿಯ ಎರಡು ಮೂರು ಹಲಗೆ ಮಾತ್ರ ಇಳಿಸಿ. ಅಡಿಯಲ್ಲಿ ಬರುವ ಉಪ್ಪು ಜಾಸ್ತಿ ಅಲ್ಲೇ ತಡೆಯುತ್ತದೆ, ಮೇಲಿಂದ ಹೊಳೆ ನೀರು ಹರಿದು ಹೋಗುತ್ತದೆ, ಗದ್ದೆಗೆ ಹಿಂದೆ ಬರುವುದಿಲ್ಲ. ಕೊಯ್ಲು ಮುಗಿದ ಮೇಲೆ ಉಳಿದ ಹಲಗೆ.

ಇನ್ನೊಂದು. ಹಲಗೆ ಇಳಿಸುವುದು ಹುಣ್ಣಿಮೆ ಅಮಾವಾಸ್ಯೆ ಹತ್ತಿರ ಬೇಡ. ಅಷ್ಟಮಿ ಸುತ್ತ ಉಬ್ಬರ ಸಣ್ಣದು. ಆಗ ಇಳಿತ ನೋಡಿ, ಮೇಲಿನ ನೀರು ಕೆಳಗೆ ಹೋಗುತ್ತಿರುವಾಗ ಇಳಿಸಬೇಕು. ಒಳಗೆ ಉಳಿದ ಉಪ್ಪೂ ಹೊರಗೆ ಹೋಗಿರುತ್ತದೆ.

ನಮ್ಮದೂ ಒಂದು ಬೇಡಿಕೆ ಉಂಟು. ಮೇ ಕೊನೆಗೆ ಹಲಗೆ ತೆಗೆಯಲು ಮರೆಯಬೇಡಿ. ಮೊದಲ ಮಳೆಗೆ ಮೀನು ಮೊಟ್ಟೆ ಇಡಲು ಮೇಲೆ ಹತ್ತುತ್ತದೆ. ಹಲಗೆ ಇದ್ದರೆ ಅಲ್ಲೇ ಹಾರಿ ಹಾರಿ ಸೋತು ಬೀಳುವುದನ್ನು ನೋಡಿದ್ದೇನೆ. ನೋಡಲಿಕ್ಕೆ ಆಗುವುದಿಲ್ಲ.

ಮೇಲ್ಗದ್ದೆ:
ಅಡಿಯ ಹಲಗೆ ಮೊದಲು ಎಂಬುದು ನಮಗೆ ಪೂರ್ತಿ ಒಪ್ಪಿಗೆ. ಇಷ್ಟು ವರ್ಷದಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ಹೀಗೆ ಮಾಡಿದ್ದರೆ ನನ್ನ ಭತ್ತ ಉಳಿಯುತ್ತಿತ್ತು.

ನಗರದ ಮನೆ:
ಮಂಗಳೂರಿನಲ್ಲಿ ಫ್ಲಾಟಿನಲ್ಲಿ ಇರುವವಳು ನಾನು. 2019ರ ಮೇ ತಿಂಗಳಲ್ಲಿ ನಮಗೆ ದಿನ ಬಿಟ್ಟು ದಿನ ನೀರು, ಮತ್ತೆ 2023ರಲ್ಲೂ ಮಳೆ ತಡವಾಗಿ ಅದೇ ಪಾಡು. ಆಗಲೇ ನನಗೆ ಗೊತ್ತಾಗಿದ್ದು ನಮ್ಮ ನಲ್ಲಿಯ ನೀರು ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ ಬರುತ್ತದೆ ಎಂದು. ಉಡುಪಿಯವರಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ನೀರು ಕಮ್ಮಿ ಆದಾಗ ಮೇಲಿನ ರೈತರ ಪಂಪ್ ನಿಲ್ಲಿಸಿ ಎಂಬ ಮಾತು ಪ್ರತಿ ವರ್ಷ ಬರುತ್ತದೆ. ಪೇಟೆಯವರಾದ ನಾವು ಬಾಯಿ ಮುಚ್ಚಿ ಅದನ್ನು ಒಪ್ಪುತ್ತೇವೆ. ಮರ ಒಣಗಿದರೆ ಮತ್ತೆ ಏಳು ವರ್ಷ ಕಾಯಬೇಕು ಎಂದು ನನ್ನ ತವರಿನವರು ಹೇಳುವವರೆಗೆ ನಾನೂ ಹಾಗೆಯೇ ಇದ್ದೆ. ಅಪಾರ್ಟ್‌ಮೆಂಟಿನ ಚಾವಣಿ ನೀರನ್ನು ಈಗ ಬಾವಿಗೆ ಬಿಡುತ್ತಿದ್ದೇವೆ, ಎರಡು ವರ್ಷದಿಂದ ಟ್ಯಾಂಕರ್ ತರಿಸುವುದು ಅರ್ಧಕ್ಕೆ ಇಳಿದಿದೆ.

ಕಟ್ಟದಬದಿ:
ಅಕ್ಕ, ನೀವು ಮಾಡಿದ್ದು ದೊಡ್ಡ ಕೆಲಸ. ಇದೇ ಮಾತಿಗೆ ಒಂದು ನೆನಪು. ನಮ್ಮ ಬದಿಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಸುರಂಗ ಮಾಡುತ್ತಾರೆ, ಒಬ್ಬ ಮನುಷ್ಯ ಹೋಗುವಷ್ಟು ಅಗಲ, ಒಳಗೆ ಜಿನುಗುವ ನೀರು ಪಂಪ್ ಇಲ್ಲದೆ ಹೊರಗೆ ಹರಿದು ಬರುತ್ತದೆ. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು ರಾತ್ರಿ ದೀಪ ಇಟ್ಟುಕೊಂಡು ಒಬ್ಬರೇ ಕೊರೆದವರು. ಕೆಲವು ಸುರಂಗದಲ್ಲಿ ನೀರು ಸಿಗದೆ ವರ್ಷಗಟ್ಟಲೆ ಕೆಲಸ ವ್ಯರ್ಥ ಆಯಿತು, ಆದರೂ ಬಿಡಲಿಲ್ಲ. ಬೋಳು ಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಬಂತು. ಒಬ್ಬರಿಂದ ಅಷ್ಟು ಆಗುವುದಾದರೆ, ಒಂದು ಊರಿನವರು ಸೇರಿ ಹಲಗೆ ಇಳಿಸಲು ಆಗದೇ ಇರುತ್ತದಾ?

ನಿವೃತ್ತ ಮೇಷ್ಟ್ರು:
ಬೈಲುಮನೆಯವರೇ, ಕಲ್ಲು ನೋಡುವುದರ ಜೊತೆಗೆ ಒಂದು ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ, ತೆಗೆದುಕೊಳ್ಳಿ. ಪೆನ್ನಿನಷ್ಟು ಇರುತ್ತದೆ, ಕೆಲವು ನೂರು ರೂಪಾಯಿ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ಗತಿ ಇಲ್ಲದಿದ್ದರೆ 2000ವರೆಗೆ ಎಂದು ಮಾನದಂಡ. ಸಮುದ್ರದ ನೀರು ಸುಮಾರು 35,000. ಅಂದರೆ ಒಂದು ಕೊಡ ಸಮುದ್ರದ ನೀರು ಬೆರೆತರೆ ಸುಮಾರು ಎಪ್ಪತ್ತು ಕೊಡ ಸಿಹಿ ನೀರು ಮಿತಿಯ ಅಂಚಿಗೆ ಬರುತ್ತದೆ. ಅಷ್ಟು ಸ್ವಲ್ಪ ಸಾಕು ಹಾಳಾಗಲು. ಅಣೆಕಟ್ಟಿನ ಕೆಳಗೆ ಒಂದು, ಮೇಲೆ ಒಂದು, ಬಾವಿಯಲ್ಲಿ ಒಂದು, ಮೂರು ಕಡೆ ದಿನಾ ಅಳೆದು ಬರೆದಿಡಿ. ಬಲೆಗಾರರು ಹೇಳಿದ ಹಾಗೆ ಹೊಳೆಯಲ್ಲಿ ಅಡಿಯ ನೀರನ್ನೇ ತೆಗೆದು ಅಳೆಯಿರಿ. ಕಾಗದದಲ್ಲಿ ಅಂಕಿ ಇದ್ದರೆ ಯಾವ ಕಚೇರಿಯ ಮೇಜಿನ ಮುಂದೆಯೂ ನಿಂತು ಮಾತಾಡಬಹುದು.

ಕುದ್ರಿನ ಅಕ್ಕ:
ಬರೆದಿಡುವ ಕೆಲಸ ನಮ್ಮ ಸ್ವಸಹಾಯ ಸಂಘದವರಿಗೆ ಕೊಡಿ. ಹಾಲು ಅಳೆದು ಬರೆಯುವವರು ನಾವು, ನೀರು ಅಳೆದು ಬರೆಯುವುದು ಕಷ್ಟ ಅಲ್ಲ.

ಬೈಲುಮನೆ:
ಮೂರು ವಾರ ಆಯಿತು, ಇಲ್ಲಿ ಬಂದು ಹೇಳಲು ಈಗ ಸಮಯ ಸಿಕ್ಕಿತು. ಎಲ್ಲರ ಮಾತನ್ನೂ ಮುದ್ರಿಸಿ ತೆಗೆದುಕೊಂಡು ಹೋಗಿ ದೈವಸ್ಥಾನದ ಜಗಲಿಯಲ್ಲಿ ಸಭೆ ಮಾಡಿದೆವು. ಮೂವತ್ತೆರಡು ಮನೆಯವರು ಬಂದರು, ಅರ್ಧಕ್ಕರ್ಧ ಹೆಂಗಸರು. ತಗ್ಗಿನ ಗದ್ದೆಯ ನಾಲ್ಕು ಮನೆಯವರೂ ಬಂದರು. ಮೊದಲು ಸ್ವಲ್ಪ ಜೋರು ಮಾತಾಯಿತು. ಅಡಿಯ ಹಲಗೆ ಮೊದಲು ಎಂದ ಮೇಲೆ ಎಲ್ಲರೂ ತಣ್ಣಗಾದರು.

ಕಲ್ಲಿನ ವಿಷಯ ಕೇಳಿದೆ. ಎಂಬತ್ತು ದಾಟಿದ ಒಬ್ಬ ಅಜ್ಜಿ ಕೂಡಲೇ ಹೇಳಿದರು, ಬಟ್ಟೆ ಒಗೆಯುವ ಕಲ್ಲಿನ ಮೂರನೇ ಮೆಟ್ಟಿಲು ಕಂಡರೆ ಹಿಂದೆ ಒಡ್ಡು ಹಾಕುತ್ತಿದ್ದರು ಅಂತ. ಮಾರನೇ ದಿನ ಹೋಗಿ ನೋಡಿದೆವು, ಮೂರನೇ ಮೆಟ್ಟಿಲ ಮೇಲೆ ನೀರು ಇನ್ನು ನಾಲ್ಕು ಬೆರಳು ಉಂಟು.

ಕಚೇರಿಗೂ ಹೋದೆವು. ಮೀಟರಿನ ಹತ್ತು ದಿನದ ಅಂಕಿ ಮೇಜಿನ ಮೇಲೆ ಇಟ್ಟೆವು. ಕೆಳಗಿನ ಬದಿಯದು ಹತ್ತು ದಿನದಲ್ಲಿ 300ರಿಂದ 2100ಕ್ಕೆ ಏರಿತ್ತು. ಈ ಸಲ ಗುತ್ತಿಗೆ ಕಾಯುವುದು ಬೇಡ, ಹಲಗೆ ಗೋದಾಮಿನಿಂದ ಕೊಡುತ್ತೇವೆ, ಇಳಿಸುವ ಕೆಲಸ ಊರಿನವರು ಮಾಡಬಹುದು ಎಂದು ಬರವಣಿಗೆಯಲ್ಲಿ ಕೊಟ್ಟರು. ಖುಷಿ ಆಯಿತು.

ನಿನ್ನೆ ಅಷ್ಟಮಿ. ಬೆಳಿಗ್ಗೆ ಇಳಿತ ಶುರುವಾದ ಮೇಲೆ ಇಳಿದೆವು. ಮೊದಲು ಕಿಂಡಿಯ ಅಡಿಯನ್ನು ಕೈಯಾಡಿಸಿ ನೋಡಬೇಕು, ಇದು ನನಗೆ ಹೊಸತು. ಕಂಬದಲ್ಲಿ ಹಲಗೆ ಕೂರುವ ಸೀಳಿನಲ್ಲಿ ಒಂದು ಸಣ್ಣ ಕೋಲು, ಒಂದು ತೆಂಗಿನ ಗೆರಟೆ ಸಿಕ್ಕಿಕೊಂಡರೂ ಹಲಗೆ ಸರಿ ಕೂರುವುದಿಲ್ಲ, ಎಲ್ಲ ನೀರು ಅಲ್ಲೇ ಹೋಗುತ್ತದೆ. ಇಬ್ಬರು ಹುಡುಗರು ಮುಳುಗಿ ಒಂದೊಂದೇ ಕಿಂಡಿ ಸ್ವಚ್ಛ ಮಾಡಿದರು. ಆಮೇಲೆ ಎರಡು ಸಾಲು ಹಲಗೆ, ನಡುವೆ ಮಣ್ಣು. ಗದ್ದೆಯ ಜೇಡಿ ಮಣ್ಣನ್ನು ಬುಟ್ಟಿಯಲ್ಲಿ ತಂದು, ಹುಲ್ಲು ಸೇರಿಸಿ ಕಾಲಲ್ಲಿ ತುಳಿದು ತುಂಬಿಸಿದೆವು. ಏಳು ಕಿಂಡಿಗೆ ಅಡಿಯ ಮೂರು ಮೂರು ಹಲಗೆ. ಮಧ್ಯಾಹ್ನ ಗಂಜಿ, ಚಟ್ನಿ ಅಲ್ಲೇ ದಡದಲ್ಲಿ.

ತಗ್ಗಿನ ಗದ್ದೆಯವರ ಕೊಯ್ಲಿಗೆ ಇನ್ನು ಹನ್ನೆರಡು ದಿನ ಬೇಕಂತೆ. ಹಾಗಾಗಿ ಮೇಲಿನ ಹಲಗೆ ಮುಂದಿನ ಅಷ್ಟಮಿಗೆ. ಹತ್ತಿರದವರು ಬರಲು ಆದರೆ ಬನ್ನಿ, ಮಣ್ಣು ಹೊರಲು ಬುಟ್ಟಿ ಇನ್ನೂ ಆರೇಳು ಬೇಕು.

ಬಲೆಗಾರ:
ನಾನು ದೋಣಿ ತರುತ್ತೇನೆ. ಮಣ್ಣು ಆಚೆ ದಡದಿಂದ ದೋಣಿಯಲ್ಲೇ ತಂದರೆ ಬುಟ್ಟಿ ಹೊರುವುದು ಅರ್ಧ ತಪ್ಪುತ್ತದೆ. ಬೆಳಿಗ್ಗೆ ಎಷ್ಟು ಗಂಟೆಗೆ ಅಂತ ಹಿಂದಿನ ದಿನ ಹೇಳಿ, ಇಳಿತ ನೋಡಿ ಹೊರಡಬೇಕು.